ಇಳಿಜಾರು ನೆಲ

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನ ಹಿಂದೆ
ಪ್ಯಾರೇಜಾನ್ ಸಾಬರ ಶೆಡ್ಡಿನಲ್ಲಿ
ಕುದಿನೀರ ಬಾಣಲೆಯ ಮುಂದೆ ನಿಂತು ಹನ್ನೆರಡು ವರ್ಷ
ನೂಲು ಬಿಚ್ಚಿದವಳು ನಾನು.
ಗೂಡಿನ ಮೈಮೇಲೆ ಕಣ್ಣಿಗೆ ಕಾಣದ ಎಳೆಯ ತುದಿ
ಬೆರಳಿಗೆ ತಾನೇ ಬಂದು ಸಿಕ್ಕುತ್ತಿತ್ತು.
ಸತ್ತ ಹುಳುವಿನ ವಾಸನೆ ಮಾತ್ರ ಸೀಗೆಪುಡಿಗೂ ಜಗ್ಗುತ್ತಿರಲಿಲ್ಲ.

ಹೋದ ಮಾಘದಲ್ಲಿ ಎಡಗಾಲಿಗೆ ಬಂತು.
ತೊಡೆಯ ಹೊರಮೈಯಿಂದ ಹೊರಟು, ಮೊಣಕಾಲ ಪಕ್ಕ ಹಾದು,
ಹಿಮ್ಮಡಿಯ ಹತ್ತಿರ ಬೆಂಕಿಕಡ್ಡಿ ಗೀರಿದ ಹಾಗೆ.
ರಾತ್ರಿ ಎಡಮಗ್ಗುಲಾಗಲಾರೆ;
ಎದ್ದರೆ ಮೊದಲ ನಾಲ್ಕು ಹೆಜ್ಜೆ ಬೇರೆ ಯಾರದೋ ಕಾಲಲ್ಲಿ.
ಅತ್ತೆ ವಾಯು ಅಂದರು. ಪಕ್ಕದ ಬಾಣಲೆಯ ಆಂಜಿನಮ್ಮ
ನರದ ಮೇಲೆ ನರ ಕೂತಿದೆ ಎಂದು ಹರಳೆಣ್ಣೆ ತಂದಳು.
ಚಿಂತಾಮಣಿಯಲ್ಲಿ ತೆಗೆಸಿದ ಎಕ್ಸ್‌ರೇಯಲ್ಲಿ ನನ್ನ ಬೆನ್ನುಮೂಳೆ
ಬೆಳ್ಳಗೆ, ನೆಟ್ಟಗೆ, ಯಾರದೋ ಮನೆಯ ಒಳ್ಳೆಯ ಸೊಸೆಯ ಹಾಗೆ.
"ಏನೂ ಇಲ್ಲಮ್ಮ" ಎಂದರು ಡಾಕ್ಟರು.
ಏನೂ ಇಲ್ಲದ್ದಕ್ಕೆ ಮೂರು ಬಣ್ಣದ ಮಾತ್ರೆ.

ಸರ್ಕಾರಿ ಆಸ್ಪತ್ರೆಯ ಮೂಲೆಯ ಕೋಣೆಯಲ್ಲಿ
ಆ ಹುಡುಗಿ, ಫರ್ಹಾನಾ, ಕಾಲು ಮುಟ್ಟಲೇ ಇಲ್ಲ.
ಮಗ್ಗುಲಾಗಿ ಮಲಗಿಸಿ
ಲಂಗದ ಲಾಡಿಗಿಂತ ಮೂರು ಬೆರಳು ಕೆಳಗೆ
ಹೆಬ್ಬೆರಳಾಡಿಸುತ್ತ ಹುಡುಕಿದಳು.
ಬಿಗಿದ ಹುರಿಯೊಂದರ ಮೇಲೆ ಅವರೆಕಾಳಿನಷ್ಟು.
ಒತ್ತಿದಳು.
ಹಿಮ್ಮಡಿ ಕಿರುಚಿತು.
"ನೋವು ಅಲ್ಲಿ ಬಾಡಿಗೆಗಿದೆ ಅಷ್ಟೇ," ನಕ್ಕಳು, "ಸ್ವಂತ ಮನೆ ಇಲ್ಲಿ."

ನನಗೆ ನಾಚಿಕೆಯಾಯಿತು.
ಮೇಲೆ ರಾಟೆಯಲ್ಲಿ ಎಳೆ ನಿಂತರೆ ಕೆಳಗೆ ಬಾಣಲೆಯಲ್ಲಿ ಹುಡುಕುವವಳು,
ಕರೆಂಟು ಹೋದರೂ ಉಗುರಲ್ಲೇ ಗಂಟು ಹಿಡಿಯುವವಳು,
ನನ್ನದೇ ಮಾಂಸದಲ್ಲಿ ಕಟ್ಟಿದ್ದು ತಿಳಿಯಲಿಲ್ಲ.

"ಕೆಲಸದಲ್ಲಿ ಹೇಗೆ ನಿಲ್ತೀರಿ, ತೋರಿಸಿ."
ಬಾಣಲೆಯಿಲ್ಲದೆ, ಹಬೆಯಿಲ್ಲದೆ, ಆ ಬಿಳಿ ಟೈಲ್ಸಿನ ಮೇಲೆ
ಕಾಲು ತಾನಾಗಿ ನೆನಪು ಮಾಡಿಕೊಂಡಿತು ಶೆಡ್ಡಿನ ನೆಲವನ್ನು:
ಬಿಸಿನೀರು ಮೋರಿಗೆ ಹೋಗಲೆಂದು
ಎಡಕ್ಕೆ ಎರಡು ಬೆರಳು ಇಳಿಜಾರು.
ನೀರಿಗೆಂದು ಮಾಡಿದ ದಾರಿ.
ಇಷ್ಟು ವರ್ಷ ನಾನೂ ಅದರಲ್ಲಿ ಹರಿದುಹೋಗುತ್ತಿದ್ದೆನೇನೋ,
ಒಂದು ಸ್ನಾಯು ಹಿಡಿದುಕೊಂಡಿತ್ತು.

ಈಗ ರಾತ್ರಿ ಮಗನ ರಬ್ಬರ್ ಚೆಂಡನ್ನು
ಗೋಡೆಗೂ ನನಗೂ ನಡುವೆ ಇಟ್ಟು ಒರಗುತ್ತೇನೆ.
ಇಪ್ಪತ್ತು ಎಣಿಸುವಷ್ಟರಲ್ಲಿ ಸಡಿಲುತ್ತದೆ,
ಬೆಳಗಾಗುವಾಗ ಅರ್ಧ ಮತ್ತೆ ಕಟ್ಟಿರುತ್ತದೆ.
ಚೆಂಡು ಬೇಕೆಂದು ಅವನು ಅಳುತ್ತಾನೆ. ಭಾನುವಾರ ಕೊಡುತ್ತೇನೆ.

ಮೊನ್ನೆ ಎಡಗಾಲ ಕೆಳಗೆ ಹಲಗೆಯ ತುಂಡೊಂದು ಹಾಕಿಕೊಂಡೆ.
ಸಾಬರು ನೋಡಿ "ಏನಿದು ಹೊಸ ಸಿಂಹಾಸನ?" ಅಂದರು.
ಹೇಳಿದೆ. ಸುಮ್ಮನೆ ಮೋರಿಯ ಕಡೆ ನೋಡಿದರು.

ಇವತ್ತು ಬಂದರೆ ಆಂಜಿನಮ್ಮನ ಕಾಲ ಕೆಳಗೂ ಒಂದು ಹಲಗೆ.
ಅವಳಿಗೂ ಎಡಗಾಲೇ ಎಂದು
ಹರಳೆಣ್ಣೆ ತಿಕ್ಕುವಾಗಲೂ ಹೇಳಿರಲಿಲ್ಲ.