ಕ್ವೀನ್ಸ್ ಧಕ್ಕೆಯಲ್ಲಿ ಒಂದು ಜೋಡಿ ಚಪ್ಪಲಿ

ಬೆಳಗಿನ ಆರೂವರೆಗೆ ಹಡಗು ಬಂತು, ಊರಿಗಿಂತ ಎತ್ತರ.
ಆಕ್ಲೆಂಡಿನ ಬೀದಿಯ ಮೇಲೆ ಅದರ ನೆರಳು ಬಿದ್ದು
ಕಾಫಿ ಅಂಗಡಿಯ ಹುಡುಗಿ ಆರಿಸಿದ ದೀಪ ಮತ್ತೆ ಹಾಕಿದಳು.
ಎರಡು ಸಾವಿರದ ನೂರು ಜನ. ಮೇಜು ಆರು. ನಾಯಿ ಒಂದು.

ನಾಯಿಯ ಹೆಸರು ಟಿಲ್ಲಿ. ಬೊಗಳುವುದಿಲ್ಲ, ಕಚ್ಚುವುದಿಲ್ಲ;
ಹಣ್ಣಿನ ವಾಸನೆ ಸಿಕ್ಕರೆ ಚೀಲದ ಪಕ್ಕ ಸುಮ್ಮನೆ ಕೂರುತ್ತಾಳೆ,
ಕೊಟ್ಟ ಸಾಲ ಕೇಳಲು ಬಂದ ನೆಂಟರಂತೆ.

ಎಲ್ಲರ ಚೀಟಿಯಲ್ಲೂ ಇಲ್ಲ, ಇಲ್ಲ, ಇಲ್ಲ.
ಆಹಾರ? ಇಲ್ಲ. ಬೀಜ, ಗಿಡ, ಜೇನು? ಇಲ್ಲ.
ಮರದ ಸಾಮಾನು? ಇಲ್ಲ. ಕಂಕುಳಲ್ಲಿ ಮೂರಡಿ ಮುಖವಾಡ,
ಅದರ ಕಿವಿಯಿಂದ ಉದುರುತ್ತಿದೆ ಹುಳ ಕೊರೆದ ಹಿಟ್ಟು.
ಹ್ಯಾಮಿಲ್ಟನ್ನಿನ ಡೆಸ್ಮಂಡ್ ಪ್ರಾಟ್ಲಿ, ನಿವೃತ್ತ ಲೆಕ್ಕಿಗ,
ಮೂರು ಬಾಟಲಿ ರಮ್ಮನ್ನು ಮಿಲಿಲೀಟರ್ ಸಮೇತ ಬರೆದವನು
ಜೇಬಿನ ಸೇಬು ಮರೆತಿದ್ದ.

ಟಿಲ್ಲಿ ಕೂತಳು.

"ಇದು ನಮ್ಮದೇ ಹಣ್ಣು ಕಣಯ್ಯ!" ಹೇಸ್ಟಿಂಗ್ಸ್ ತೋಟದ ಲೇಬಲ್ಲು
ಅಂಟು ಬಿಡದೆ ಇನ್ನೂ ಹಾಗೇ ಇದೆ. ನಿಜವೇ.
ಇದೇ ಧಕ್ಕೆಯಿಂದ ಹಡಗಿನ ಅಡುಗೆಮನೆಗೆ ಏರಿದ್ದು
ಹತ್ತು ದಿನ ಕಡಲು ಸುತ್ತಿ ಬರುವಷ್ಟರಲ್ಲಿ ಪರದೇಶಿ.
ನಾನೂರು ಡಾಲರ್ ದಂಡ ಬರೆದೆ. ಅವನ ಹೆಂಡತಿ
ಸೇಬನ್ನಲ್ಲ, ಅವನನ್ನು ನೋಡಿದಳು.
ನಲವತ್ತು ವರ್ಷದ ಬಾಕಿ ಒಂದೇ ನೋಟದಲ್ಲಿ.
ನಾನು ರಸೀದಿ ಹರಿಯುವ ನೆಪದಲ್ಲಿ ತಲೆ ತಗ್ಗಿಸಿದೆ.

ಹನ್ನೊಂದರ ಸುಮಾರಿಗೆ ನನ್ನ ಮೇಜಿಗೆ ಬಂದವಳು
ಲೂಸಿಯಾನೆ ತೌಫಾ, ಎಪ್ಪತ್ತಮೂರು, ಮಾಂಗೆರೆ ಬಡಾವಣೆ.
ಅವಳ ಚೀಟಿಯ ತುಂಬ ಹೌದು.
ಆಹಾರ, ಹೌದು: ತಂಗಿಯ ಮಗಳು ಬೇಯಿಸಿಕೊಟ್ಟ ಮರಗೆಣಸಿನ ಕಡುಬು.
ಕಡುಬು ಅವಳಿಗೆ ಬಿಟ್ಟು, ಪಂಕ್ತಿಯಲ್ಲಿ ಎಲೆ ಎತ್ತುವವನಂತೆ
ಸುತ್ತಿದ್ದ ಬಾಳೆಲೆ ಮಾತ್ರ ತೆಗೆದುಕೊಂಡೆ.
ಕೊಂಡದ್ದು, ಹೌದು: ಬೀಸಣಿಗೆ ಎರಡು, ಚಾಪೆ ಒಂದು,
ಹನ್ನೆರಡು ಡಾಲರಿನ ಮುತ್ತಿನೋಲೆ. "ಮುತ್ತಲ್ಲ, ಪ್ಲಾಸ್ಟಿಕ್ಕು.
ಹೊರಗೆ ಮೊಮ್ಮಗಳು ನಿಂತಿದ್ದಾಳೆ, ಜೋರಾಗಿ ಹೇಳಬೇಡ."
ಮಣ್ಣು ಅಂಟಿದ ಪಾದರಕ್ಷೆ?
ಪೆನ್ನು ಒತ್ತಿ, ಕಾಗದ ಹರಿಯುವಷ್ಟು: ಹೌದು.

ಪೇಪರಿನಲ್ಲಿ ಸುತ್ತಿದ ಕಪ್ಪು ಚಪ್ಪಲಿ ಬಿಚ್ಚಿಟ್ಟಳು.
ಅಟ್ಟೆಯ ಗೆರೆಗಳಲ್ಲಿ ಕೆಮ್ಮಣ್ಣು, ನಡುನಡುವೆ ಬಿಳಿ ಹವಳದ ಹರಳು.
ವವಾವುವಿನಲ್ಲಿ ಹಡಗು ಆರು ಗಂಟೆ ನಿಂತಿತ್ತಂತೆ.
ಉಳಿದವರು ಗುಹೆ ನೋಡಿದರು, ಈಜಿದರು.
ಇವಳು ಬಾಡಿಗೆ ಕಾರು ಹಿಡಿದು
ತಂಗಿ ವೀಕಾಳಿಗೆ ಒಂದು ಹಿಡಿ ಮಣ್ಣು ಹಾಕಿ ಬಂದಳು,
ಹನ್ನೊಂದು ತಿಂಗಳು ತಡವಾಗಿ.
ಡಾಕ್ಟರು ವಿಮಾನ ಬೇಡ ಅಂದಿದ್ದರು. ಹಡಗಿನ ಟಿಕೆಟ್ಟಿಗೆ
ಚರ್ಚಿನ ಹೆಂಗಸರು ಚಂದಾ ಎತ್ತಿದರು.

ಮಣ್ಣು ಒಳಗೆ ಬರುವ ಹಾಗಿಲ್ಲ.
ಅದರಲ್ಲಿ ಮೊಟ್ಟೆ, ಬೂಷ್ಟು, ಕಣ್ಣಿಗೆ ಕಾಣದ ಬೇರು.
ಹಿಂದಿನ ಕೋಣೆಗೆ ಒಯ್ದು ನಲ್ಲಿ ಬಿಟ್ಟೆ.
ಹದಿನೇಳು ವರ್ಷದಲ್ಲಿ ಎಷ್ಟು ಬೂಟು ತೊಳೆದಿದ್ದೇನೋ,
ಗಾಲ್ಫ್ ಆಡಿದವು, ಬೆಟ್ಟ ಹತ್ತಿದವು, ಕುದುರೆ ಲದ್ದಿ ತುಳಿದವು;
ಇವತ್ತು ಕೈ ನಿಧಾನಿಸಿತು.
ಹಿಮ್ಮಡಿಯ ಗೀರಿನಲ್ಲೊಂದು ಹರಳು,
ಬ್ರಶ್ಶಿಗೆ ಬಗ್ಗದು. ಪಿನ್ನು ಹುಡುಕಿದೆ.

ಬಾಗಿಲಲ್ಲಿ ಅವಳು, ಹಡಗಿನ ಕೋಣೆಯ ಬಿಳಿ ಹತ್ತಿಚಪ್ಪಲಿಯಲ್ಲಿ.
ಅದನ್ನು ಅವಳು ಬರೆದಿರಲಿಲ್ಲ, ನಾನೂ ಕೇಳಲಿಲ್ಲ.
"ಚೆನ್ನಾಗಿ ಉಜ್ಜು," ಅಂದಳು.
"ವೀಕಾಗೆ ಕೊಳೆ ಕಂಡರೆ ಆಗುತ್ತಿರಲಿಲ್ಲ.
ಹೊಸಿಲಲ್ಲೇ ನಿಲ್ಲಿಸಿ ಬೈಯುತ್ತಿದ್ದಳು, ಪಾದ್ರಿಯನ್ನೂ."

ಹರಳು ಎದ್ದು ತಗಡಿನ ತೊಟ್ಟಿಗೆ ಬಿತ್ತು,
ಟಿಣ್ ಎಂದಿತು ಸಣ್ಣಗೆ.
ಆ ತೊಟ್ಟಿಯ ನೀರು ಕಡಲಿಗೆ ಹೋಗುವುದಿಲ್ಲ;
ಕುದಿಸಿ, ಸೋಸಿ, ಉಳಿದದ್ದನ್ನು ಎಲ್ಲೋ ಹೂಳುತ್ತಾರೆ.
ಎಲ್ಲಿ ಎಂದು ಇಷ್ಟು ವರ್ಷ ನಾನು ಕೇಳಿರಲಿಲ್ಲ.

ಅವಳು ಕೇಳಿದಳು.
ಒದ್ದೆ ಚಪ್ಪಲಿ ಕೈಗಿಟ್ಟು
ಗೊತ್ತಿಲ್ಲ, ಅಂದೆ.