ಹತ್ತ ಮಿನಿಟು

ಹತ್ತ ಮಿನಿಟಿಗೆ ಎಬ್ಬಸ್ರಿ ಕಾಕಾ, ಅಂದು
ಮೂವತ್ತೇಳನೇ ಕುರ್ಚಿ ಹುಡುಗಿ
ಪುಸ್ತಕದ ಮ್ಯಾಲೆ ಗಲ್ಲಾ ಇಟ್ಟಳು.
ರೋಣದ ಕಡೀಕಿ. ಬಸಲಿಂಗವ್ವ,
ರಜಿಸ್ಟರಿನ್ಯಾಗ ಮಾತ್ರ ಬಿ. ಎಸ್. ಹಿರೇಗೌಡ್ರ.
ಗಡಿಯಾರದಾಗ ಎರಡೂ ಮುಕ್ಕಾಲು.
ಸಪ್ತಾಪುರ ಶಟರ್ ಎಳಕೊಂಡು ಬಿದ್ದೈತಿ,
ಝೆರಾಕ್ಸ್ ಅಂಗಡಿ ಮ್ಯಾಲೆ ನಮ್ಮ ಓದೂ ಖೋಲಿ ಒಂದು
ಟ್ಯೂಬ್ ಲೈಟಿನ್ಯಾಗ ಬೆಳ್ಳಗ ಕಣ್ಣ ಬಿಟಗೊಂಡು ಕುಂತೈತಿ.

ನನಗ ಪಗಾರ ಎಚ್ಚರ ಇರೂದಕ್ಕ.
ಅವರು ರೊಕ್ಕ ಕೊಡೂದೂ ಎಚ್ಚರ ಇರೂದಕ್ಕ,
ತಿಂಗಳಿಗೆ ಎಂಟನೂರು, ಕುಡಿಯೂ ನೀರು ಹಿಡಿದು.
ನವಲಗುಂದದ ದ್ಯಾಮಣ್ಣ ತಲಿಗೆ ಹಸಿ ಟಾವೆಲ್ ಸುತ್ತಿ
ನಿಂತಗೊಂಡ ಓದತಾನ, ಕುಂತ್ರ ಬೀಳತಾನಂತ.

ನಾ ಸಾಲಿ ಬಿಟ್ಟದ್ದು ಐದನೇತ್ತಕ್ಕ.
ಹುಬ್ಬಳ್ಳಿ ಗಿರಣಿ ಸೇರಿದಾಗ, ಲಗ್ನಾದ ವರ್ಷ,
ಹರದ ನೂಲಿಗೆ ಗಂಟ ಹಾಕೂದು ಕಲಿಸಿದರು:
ಎಡಗೈದು ಎರಡು ಬೆರಳು, ಬಲಗೈ ಹೆಬ್ಬೆಟ್ಟು,
ಒಂದು ಸುತ್ತು, ಒಳಗ ತೂರಸು, ಜಗ್ಗು.
ಹನ್ನೊಂದು ದಿನ ಬರಲಿಲ್ಲ.
ಇವು ಬೆರಳಲ್ಲೋ, ಬಾಳಿಕಾಯಿ, ಅಂದ ಮುಕಾದಮ.
ಹನ್ನೆರಡನೇ ಮುಂಜಾನೆ ಗೌರವ್ವ
ಚಹಾದ ಕಪ್ಪು ಇಟ್ಟು, ತನ್ನ ಸೆರಗ ತೋರಸಿದಳು.
ಅಂಚಿನ ಎಳಿ ಎಳಿಗೂ ಗಂಟು.
ರಾತ್ರಿ ಹಾಕೀರಿ ನೀವು, ಅಂದಳು,
ಗೊರಕಿನೂ ಹೊಡಕೋತ.
ಅವತ್ತ ಮಶೀನಿನ ಮುಂದ
ನಾ ವಿಚಾರ ಮಾಡೂಕ್ಕಿಂತ ಮೊದಲ
ಬೆರಳು ಕೆಲಸ ಮುಗಿಸಿ ನಿಂತಿದ್ವು.
ಯಾರು ಕಲ್ತರು? ನಾ ಅಲ್ಲ.
ನಾ ಅಲ್ಲಿ ಇರಲೇ ಇಲ್ಲ.

ಗಿರಣಿ ಹೋತು. ಈಗ ಒಂಬತ್ತು ವರ್ಷ ಈ ಸ್ಟೂಲು.
ಹಗಲ ಮಲಗತೀನಿ. ಮಲಗೂದಂದ್ರ ಏನು,
ಕಿಡಕಿಗೆ ಬಡದ ಗೋಣಿಚೀಲದ ತೂತಿನ್ಯಾಗ ಬಿಸಲು,
ಬಾಜೂಕ ಗ್ಯಾರೇಜು, ಓಣ್ಯಾಗ ಕಾಯಿಪಲ್ಲೆ ಗಾಡಿ.
ಹೊಸಾದು ಒಂದೂ ಒಳಗ ಇಳಿಯೂದಿಲ್ಲ.
ಮೊಬೈಲಿನ್ಯಾಗ ರೊಕ್ಕ ಕಳಸೂದು ಮೊಮ್ಮಗ
ಆರು ಸಲ ಕಲಿಸ್ಯಾನ, ಏಳನೇದಕ್ಕ ಸಿಟ್ಟಾದ.
ಟಾಕಿ ತುಂಬಿ ಹರದು ಮಂದಿ ಒದರೂತನಕ
ಮೋಟರ ಹಚ್ಚಿದ್ದು ನೆನಪಿಲ್ಲ.
ಗಂಟು ಮಾತ್ರ ಇನ್ನೂ ಐತಿ.
ಬೇಕಂದ್ರ ನೂಲು ಕೊಟ್ಟ ನೋಡ್ರಿ.

ಎರಡೂ ಐವತ್ತೈದು. ಎಬ್ಬಸಾಕ ಹೋದೆ.
ರೆಪ್ಪಿ ಕೆಳಗ ಆಕಿ ಕಣ್ಣಗುಡ್ಡಿ
ಆ ಕಡೆ ಈ ಕಡೆ, ಲಾಳಿ ಓಡಿಧಾಂಗ.
ತುಟಿ ಏನೋ ಎಣಸತಿತ್ತು.
ಬೆರಳಾಗಿನ ಪೆನ್ನು, ಬಿಟ್ಟೂ ಬಿಡದಂಗ,
ಹಾಳಿ ಅಂಚಿಗೆ ಒಂದು ಗೆರಿ ಜಗ್ಗಿತ್ತು.
ಗಿರಣಿ ಗ್ವಾಡಿ ಮ್ಯಾಲೆ ಕೆಂಪು ಅಕ್ಷರ ಇದ್ವು,
ನನಗ ಓದಾಕ ಬರೂ ಅಷ್ಟು ದೊಡ್ಡವು:
ಚಾಲೂ ಇದ್ದ ಮಶೀನಿಗೆ ಕೈ ಹಾಕಬಾರದು.

ಆಕಿ ತಲಿ ಮ್ಯಾಗಿನ ಟ್ಯೂಬ್ ಆರಿಸಿದೆ.
ಸವಣೂರಿನ ಖಾಜಾಹುಸೇನ ಏನೂ ಅನ್ನದ
ಪುಸ್ತಕ ಎತಗೊಂಡು ಆಚೆ ಬೆಳಕಿಗೆ ಸರದ.

ಐದಕ್ಕ ಕೆಳಗ ಪೇಪರಿನ ಗಂಟು ಧೊಪ್ಪಂತ ಬಿತ್ತು.
ಎದ್ದಳು. ಗಲ್ಲದ ಮ್ಯಾಲೆ ಹಳದಿ ಶಾಯಿ,
ಸಂವಿಧಾನದ್ದು ಒಂದು ಸಾಲು ಉಲ್ಟಾ.
ಎರಡು ತಾಸು! ಅಂದಳು.
ನನ್ನ ಎರಡು ತಾಸು ತಿಂದ್ರಿ ಕಾಕಾ.
ಗಂಟಿನ ಸುದ್ದಿ ಹೇಳಿದ್ರ ನಗತಾಳ.
ಮರತೆ ನೋಡವಾ, ಅಂದೆ.
ನನ್ನ ಬಾಯಾಗ ಅದು ಸುಳ್ಳಂತ ಯಾರಿಗೂ ಅನಸೂದಿಲ್ಲ.

ಮೂರು ರಾತ್ರಿ ಮೂವತ್ತೇಳು ಖಾಲಿ.
ನಾಕನೇದಕ್ಕ ಬಂದಳು. ಮಾತಿಲ್ಲ.
ಎರಡೂವರಿಗೆ ಪುಸ್ತಕ ಮುಚ್ಚಿ,
ಟ್ಯೂಬಿನ ಸ್ವಿಚ್ ಯಾವುದು ಅಂತ ಕೇಳಿ,
ಚೀಲದಿಂದ ಊರಿನ ಕೌದಿ ತಗದಳು.
ಹತ್ತ ಮಿನಿಟು ಕಾಕಾ, ಅಂದಳು,
ನನ್ನ ಮಾರಿ ನೋಡದ.