ಸಿರ್ಕೆಜಿಯಲ್ಲಿ ಒಂದು ವ್ಯಾಪಾರ

ಗಾಜಿನ ಮೇಲೆ ಎರಡನ್ನೂ ಇಟ್ಟೆ.
ಒಂದು, ಕನ್ನಡಿಯಿಲ್ಲದ ಹೊಸ ಜಾತಿಯದು,
ಲೆನ್ಸ್ ಸಿಕ್ಕಿಸಿದರೆ ಒಂದೂವರೆ ಕಿಲೋ.
ಇನ್ನೊಂದು ಸವೆದ ಸೋಪಿನಷ್ಟು.
ಮೂವತ್ತು ವರ್ಷ ಇಸ್ತಾಂಬುಲಿನ ಈ ಓಣಿಯಲ್ಲಿ
ಅಂಗಡಿ ತೆರೆದು ಕೂತ ಗಾರ್ಬಿಸ್ ನಾನು,
ಕೊಳ್ಳುವವರ ಕಣ್ಣು ಎತ್ತ ಹೊರಳುತ್ತದೆಂದು
ಅವರಿಗಿಂತ ಮೊದಲೇ ಬಲ್ಲೆ.
ನೆಜಿಹೆಯ ಕಣ್ಣು ಎತ್ತಲೂ ಹೊರಳಲಿಲ್ಲ.
ಬಲಭುಜ ನೀವಿಕೊಳ್ಳುತ್ತ ನಿಂತಿದ್ದಳು.

ಇಪ್ಪತ್ತಾರು ವರ್ಷ ಪತ್ರಿಕೆಗೆ ತೆಗೆದವಳು:
ಭೂಕಂಪ, ಗಣಿ, ಮುಷ್ಕರ, ಮಂತ್ರಿಗಳು ಕತ್ತರಿಸಿದ ರಿಬ್ಬನ್ನು.
ಪತ್ರಿಕೆ ಮುಚ್ಚಿತು,
ಪಟ್ಟಿಯ ಬರೆ ಭುಜದಲ್ಲೇ ಉಳಿಯಿತು.
ಹಳೆಯ ಸಾಮಾನೆಲ್ಲ ನನ್ನ ಮುಂದೆ ಸುರಿದು
ಬಂದ ದುಡ್ಡಿಗೆ ಒಂದು ಕೊಡು,
ಒಂದೇ ಒಂದು, ಎಂದಳು.

ಎಲುಬಿಲ್ಲದ ನಾಲಿಗೆ ನನ್ನದು, ದೊಡ್ಡದನ್ನು ಹೊಗಳಿದೆ:
ಕತ್ತಲಲ್ಲಿ ಬೆಕ್ಕಿನ ಮೀಸೆ ಎಣಿಸುತ್ತದೆ,
ಓಡುವವನ ಕಣ್ಣು ಹಿಡಿದರೆ ಬಿಡುವುದಿಲ್ಲ,
ಮಳೆಗೆ ನೀನು ನೆನೆದೀಯೆ, ಅದು ನೆನೆಯದು.
ನನಗೂ ಅದರಲ್ಲಿ ನಾಲ್ಕು ಕಾಸು ಹೆಚ್ಚು, ಸುಳ್ಳೇಕೆ.
ಸಣ್ಣದರ ಬಗ್ಗೆ ಹೇಳಲು ಬಹಳ ಇರಲಿಲ್ಲ.
ಜೇಬಿಗೆ ಹೋಗುತ್ತದೆ, ಎಂದೆ.
ಬೇಕೆಂದಾಗ ಜೇಬಿನಿಂದ ಬರುತ್ತದೆಯೆ? ಎಂದಳು.

ಅಷ್ಟರಲ್ಲಿ ಬರಾನ್ ಚಹಾ ತಂದ,
ಮೂರು ಕೊಂಡಿಯ ತಟ್ಟೆ ತೂಗುತ್ತಿದ್ದರೂ
ನಡು ಸಣ್ಣಗಿನ ಗ್ಲಾಸುಗಳು ತುಳುಕಲಿಲ್ಲ.
ಅವಳು ದೊಡ್ಡದನ್ನೆತ್ತಿದಳು.
ಹುಡುಗ ತಟ್ಟೆ ಕೆಳಗಿಟ್ಟ, ಕಾಲರ್ ಎಳೆದುಕೊಂಡ,
ಕೂದಲಿಗೆ ಎಂಜಲು ಸವರಿ
ಎದೆಯುಬ್ಬಿಸಿ ನಿಂತ, ಅವನಪ್ಪನಂತೆ.
ಆ ಅಪ್ಪನನ್ನು ನಾನು ಕಂಡವನಲ್ಲ.
ಚಿತ್ರದಲ್ಲಿ ಒಂದೊಂದು ರೆಪ್ಪೆಯೂ ಬೇರೆ ಬೇರೆ.

ಆಮೇಲೆ ಚಹಾ ಕುಡಿದೆವು, ಬ್ಯಾಟರಿಯ ಬೆಲೆ ಮಾತಾಡಿದೆವು.
ಸಣ್ಣದು ಅವಳ ಅಂಗೈಯಲ್ಲಿತ್ತು.
ಯಾವಾಗ ತೆಗೆದಳೋ ನನಗೂ ತಿಳಿಯಲಿಲ್ಲ.
ಮೂಲೆಯಲ್ಲಿ ನನ್ನ ಮೊಣಕೈ, ಅರ್ಧ ಕತ್ತಲು,
ನಡುವೆ ಬರಾನ್,
ನನ್ನ ತಟ್ಟೆಯ ಸಕ್ಕರೆ ತುಂಡು ಕದ್ದು
ಬಾಯಿಗೆ ಹಾಕಿಕೊಳ್ಳುತ್ತ.
ಮೂವತ್ತು ವರ್ಷದಲ್ಲಿ ಈ ಅಂಗಡಿಯೊಳಗೆ ತೆಗೆದ
ಚಿತ್ರಗಳಲ್ಲಿ ಅದಕ್ಕೆ ಸಾಟಿಯಿಲ್ಲ.
ವ್ಯಾಪಾರ ಮುಗಿಯಿತು ಅಂದುಕೊಂಡೆ.

ಹುಡುಗ ಇಣುಕಿ ನೋಡಿದ. ಕಿವಿ ಕೆಂಪಾಯಿತು.
ಇದು ಯಾವಾಗ?
ಈಗ.
ಆಗ ನಾನು ಇರಲೇ ಇಲ್ಲವಲ್ಲ, ಎಂದ.

ನೆಜಿಹೆ ಗ್ಲಾಸು ತಿರುಗಿಸುತ್ತ ಕೂತಳು.
ಗಣಿಯ ಬಾಯಲ್ಲಿ ಒಬ್ಬಳು ಹೆಂಗಸು, ಎಂದಳು,
ನನ್ನ ಕ್ಯಾಮೆರಾ ಕಂಡು ಕೈ ಅಡ್ಡ ಹಿಡಿದಳು.
ನಾನು ಇಳಿಸಿದೆ.
ಅಷ್ಟು ದೊಡ್ಡದಿತ್ತು, ಅದಕ್ಕೇ ಅವಳಿಗೆ
ಬೇಡ ಅನ್ನಲಾಯಿತು.
ಇದಾಗಿದ್ದರೆ?

ಸರಿ, ದೊಡ್ಡದೇ, ಎಂದು ನಾನು ರಟ್ಟಿನ ಪೆಟ್ಟಿಗೆ ತೆಗೆದೆ.
ಅವಳು ಇನ್ನೊಮ್ಮೆ ಎತ್ತಲು ಹೋದಳು.
ತೋಳು ಕಿವಿಯ ಮಟ್ಟಕ್ಕೆ ಬಂದು ನಿಂತಿತು,
ಮುಂದೆ ಹೋಗಲಿಲ್ಲ.
ನಾವಿಬ್ಬರೂ ಬೇರೆಲ್ಲೋ ನೋಡಿದೆವು.

ನೋಟು ಎಣಿಸಿದಳು, ಸಣ್ಣದಕ್ಕೆ ಆಗುವಷ್ಟು.
ಅಳಿಸುವ ಗುಂಡಿ ಬರಾನನಿಗೆ ತೋರಿಸಿದಳು.
ಅವನೇ ಒತ್ತಿದ. ಸಕ್ಕರೆ ತುಂಡು ಹೋಯಿತು.
ನನ್ನ ಹೊಟ್ಟೆ ಉರಿಯಿತು, ಬಾಯಿ ಬಿಡಲಿಲ್ಲ.

ಆಮೇಲೆ ಅವಳು ಗಂಟಲು ಸರಿ ಮಾಡಿಕೊಂಡು
ಒಂದು ತೆಗೆಯಲಾ? ಎಂದು ಕೇಳಿದಳು.
ಎಷ್ಟು ತಡವರಿಸಿದಳು!
ಇಷ್ಟು ವರ್ಷ ಭುಜದ ಮೇಲಿನ ಭಾರವೇ
ಅವಳ ಪರವಾಗಿ ಕೇಳುತ್ತಿತ್ತು.
ಬೇಡ, ಮೇಲಿನ ಮಹಡಿಯವರ ಚಹಾ ಆರುತ್ತದೆ,
ಎಂದು ಹುಡುಗ ತಟ್ಟೆ ಎತ್ತಿಕೊಂಡು ಓಡಿದ.
ಅವಳು ನಕ್ಕಳು. ಜೇಬಿಗೆ ಹಾಕಿಕೊಂಡು
ದೋಣಿಯ ಹೊತ್ತಾಯಿತೆಂದು ಹೊರಟಳು.

ದೊಡ್ಡದು ಮತ್ತೆ ಗಾಜಿನೊಳಗಿದೆ.
ನಾಳೆ ಯಾರಾದರೂ ಕೇಳಿದರೆ
ಹೊಚ್ಚ ಹೊಸದು, ಒಬ್ಬರೂ ಮುಟ್ಟಿಲ್ಲ, ಎನ್ನುತ್ತೇನೆ.
ಒಳಗೆ ಹುಡುಗ
ಎದೆಯುಬ್ಬಿಸಿ ನಿಂತೇ ಇದ್ದಾನೆ.